ಮೂರು ಗಂಟೆ ಇಪ್ಪತ್ತು ನಿಮಿಷದ ಲೇಹ್

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಲಡಾಖಿನ ಲೇಹ್ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ ಅಂತ ಮೊಬೈಲಿನಲ್ಲಿ ಕೇಳಿ ನೋಡಿ. ಉತ್ತರ ಥಟ್ ಅಂತ ಬರುತ್ತದೆ. 2,260 ಚಿಲ್ಲರೆ ಕಿಲೋಮೀಟರ್, ಮೂರು ಗಂಟೆ ಇಪ್ಪತ್ತು ನಿಮಿಷ. ಅಂಥದ್ದೊಂದು ವಿಮಾನ ಇದೆಯೋ ಇಲ್ಲವೋ ಅನ್ನುವುದರ ಬಗ್ಗೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ಅದನ್ನು ಹೇಳಿ ಬೈಸಿಕೊಳ್ಳುವ ಕೆಲಸ ತೀರ್ಥಹಳ್ಳಿಯಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡಿರುವ ನನ್ನಂಥವರ ಪಾಲಿಗೆ ಬಂದಿದೆ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರದ ಸಣ್ಣ ಅಂಗಡಿ. ಜೆರಾಕ್ಸ್, ಪಾನ್ ಕಾರ್ಡ್, ಬೆಳೆ ವಿಮೆ ಅರ್ಜಿ, ಬೆಂಗಳೂರಿನ ರಾತ್ರಿ ಬಸ್ಸಿನ ಸೀಟು, ರೈಲು ಟಿಕೆಟ್. 2023ರ ಫೆಬ್ರವರಿ 27ಕ್ಕೆ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಆಮೇಲಿಂದ ನನ್ನ ಬೋರ್ಡಿನಲ್ಲಿ ವಿಮಾನದ ಚಿತ್ರವೂ ಸೇರಿಕೊಂಡಿತು. ಕುವೆಂಪು ನಮ್ಮ ಕುಪ್ಪಳಿಯವರು. ಹಾಗಾಗಿ ಆ ನಿಲ್ದಾಣದ ಮೇಲೆ ತೀರ್ಥಹಳ್ಳಿಯವರಿಗೆ ಹಕ್ಕು ಸ್ವಲ್ಪ ಜಾಸ್ತಿ ಅಂತ ನಾವೇ ಅಂದುಕೊಂಡಿದ್ದೇವೆ.

ಲೇಹ್ ವಿಚಾರ ತಂದವರು ನಮ್ಮ ದೊಡ್ಡಪ್ಪ. ಅವರ ಮಗ ಸೈನ್ಯದಲ್ಲಿದ್ದಾನೆ, ಈಗ ಲೇಹ್‌ನಲ್ಲಿ ಪೋಸ್ಟಿಂಗ್. ತೋಟಕ್ಕೆ ಎರಡನೇ ಮದ್ದು ಹೊಡೆದು ಮುಗಿದ ಮೇಲೆ, ಅಡಿಕೆಗೊನೆ ಕೊಯ್ಲು ಶುರುವಾಗುವ ಮೊದಲು, ಒಂದು ಸಲ ಹೋಗಿ ಮಗನನ್ನು ನೋಡಿಕೊಂಡು ಬರಬೇಕು ಅಂತ ದೊಡ್ಡಮ್ಮನ ಹಟ. ದೊಡ್ಡಪ್ಪ ಅಂಗಡಿಗೆ ಬಂದವರೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು.

"ನೋಡಾ, ಮೂರೂಕಾಲು ಗಂಟೆ ಅಂತೆ. ನಾವು ಬೆಂಗಳೂರಿಗೆ ಬಸ್ಸಲ್ಲಿ ಸೊಂಟ ಮುರ್ಕೊಂಡು ಏಳು ಗಂಟೆ ಕೂತ್ಕೊಳ್ತೀವಲ್ಲ ಮಾರಾಯ, ಅದರ ಅರ್ಧ. ತಿಂಡಿ ತಿಂದು ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿ."

"ದೊಡ್ಡಪ್ಪಾ, ಇದು ಬರೀ ಲೆಕ್ಕ. ವಿಮಾನ ಇಲ್ಲ."

"ವಿಮಾನ ಇಲ್ದೆ ಟೈಮ್ ಹೆಂಗೆ ತೋರಿಸ್ತದೆ?"

ನ್ಯಾಯವಾದ ಪ್ರಶ್ನೆ. ಹಳೆ ಕ್ಯಾಲೆಂಡರಿನ ಹಾಳೆ ತಿರುಗಿಸಿ ಅದರ ಹಿಂದೆ ಲೆಕ್ಕ ಬರೆದು ತೋರಿಸಿದೆ. ಸೋಗಾನೆ ಇರುವುದು ಸುಮಾರು 13.85 ಡಿಗ್ರಿ ಅಕ್ಷಾಂಶದಲ್ಲಿ. ಲೇಹ್ 34.14ರಲ್ಲಿ. ಮಧ್ಯೆ ಇಪ್ಪತ್ತು ಡಿಗ್ರಿ ಚಿಲ್ಲರೆ. ಒಂದು ಡಿಗ್ರಿ ಅಂದರೆ 111 ಕಿಲೋಮೀಟರ್. ಗುಣಿಸಿದರೆ 2,250 ಬಂತು. ರೇಖಾಂಶದಲ್ಲಿ ಎರಡು ಊರಿಗೂ ಹೆಚ್ಚು ವ್ಯತ್ಯಾಸ ಇಲ್ಲ. ನಮ್ಮದು 75.6, ಅವರದ್ದು 77.5. ಆ ಎರಡು ಡಿಗ್ರಿ ಓರೆಗೆ ಇನ್ನೊಂದು ಹತ್ತು ಕಿಲೋಮೀಟರ್ ಸೇರಿಸಿ. ಅಲ್ಲಿಗೆ ದೂರ ಮುಗಿಯಿತು. ಇನ್ನು ಸಮಯ. ಗಂಟೆಗೆ 800 ಕಿಲೋಮೀಟರ್ ಅಂತ ಹಿಡಿದು ಭಾಗಿಸುತ್ತಾರೆ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಮೇಲೆ ಅರ್ಧ ಗಂಟೆ ಕೂಡಿಸುತ್ತಾರೆ. ಮೂರು ಗಂಟೆ ಇಪ್ಪತ್ತು ನಿಮಿಷ. ಭೂಮಿಯ ಮೇಲಿನ ಯಾವ ಎರಡು ಚುಕ್ಕಿ ಕೊಟ್ಟರೂ ಅದು ಹೀಗೇ ಹೇಳುತ್ತದೆ. ಸೋಗಾನೆಯಿಂದ ಬೀದರ್‌ಗೆ ಕೇಳಿದರೆ 490 ಕಿಲೋಮೀಟರ್, ಒಂದು ಗಂಟೆ ಏಳು ನಿಮಿಷ ಅನ್ನುತ್ತದೆ. ಬೀದರ್‌ಗೆ ನಮ್ಮ ಕಡೆಯಿಂದ ಬಸ್ಸಲ್ಲಿ ಹೋದವರನ್ನು ಕೇಳಿ, ಬೇರೆಯದೇ ಕತೆ ಹೇಳುತ್ತಾರೆ.

ದೊಡ್ಡಪ್ಪ ಹಾಳೆಯನ್ನೇ ನೋಡುತ್ತಾ ಕೂತರು. "ಹಂಗಾದ್ರೆ ಸುತ್ತು ಹಾಕಿ ಹೋಗ್ಬೇಕು. ಡಬ್ಬಲ್ ದೂರ ಆಗ್ತದೇನೋ?"

ಇಲ್ಲಿಯೇ ಇರುವುದು ತಮಾಷೆ. ನಾನೂ ಲೆಕ್ಕ ಹಾಕುವವರೆಗೆ ದೂರ ತುಂಬಾ ಜಾಸ್ತಿ ಆಗುತ್ತದೆ ಅಂತಲೇ ಅಂದುಕೊಂಡಿದ್ದೆ. ಸೋಗಾನೆಯಿಂದ ಬೆಂಗಳೂರಿಗೆ ಆಕಾಶದಲ್ಲಿ 240 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ 1,710. ದೆಹಲಿಯಿಂದ ಲೇಹ್‌ಗೆ 620. ಕೂಡಿಸಿದರೆ 2,570. ನೇರ ಹೋಗುವುದಕ್ಕಿಂತ 300 ಕಿಲೋಮೀಟರ್ ಜಾಸ್ತಿ, ಅಷ್ಟೇ. ಜೆಟ್ ವಿಮಾನಕ್ಕೆ ಅದು ಅರ್ಧ ಗಂಟೆಯ ದಾರಿಯೂ ಅಲ್ಲ.

ಶಾಲೆಯ ಅಟ್ಲಾಸ್ ತೆಗೆದು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ 77.7 ರೇಖಾಂಶದಲ್ಲಿದೆ, ದೆಹಲಿಯದ್ದು 77.1ರಲ್ಲಿ, ಲೇಹ್ 77.5ರಲ್ಲಿ. ಮೂರೂ ಒಂದೇ ಗೆರೆ. ಬೆಂಗಳೂರಿನಿಂದ ಲೇಹ್‌ಗೆ ನೇರ ಹಾರಿದರೂ ಒಂದೇ, ದೆಹಲಿಯಲ್ಲಿ ಇಳಿದು ಹತ್ತಿದರೂ ಒಂದೇ, ಹೆಚ್ಚೆಂದರೆ ಮೂರ್ನಾಲ್ಕು ಕಿಲೋಮೀಟರ್ ವ್ಯತ್ಯಾಸ. ಗೆರೆಯಿಂದ ಆಚೆ ಇರುವವರು ನಾವು ಮಾತ್ರ. ಉತ್ತರಕ್ಕೆ ಹೋಗಬೇಕಾದವರು ಮೊದಲು ಪೂರ್ವಕ್ಕೆ, ಅದೂ ಸ್ವಲ್ಪ ದಕ್ಷಿಣಕ್ಕೇ ಸರಿದು, ಆ ಗೆರೆ ಸೇರಿಕೊಳ್ಳಬೇಕು. ಸೋಗಾನೆಯಿಂದ ಹೈದರಾಬಾದ್ ಮೇಲೆ ಹೋದರೆ ಇನ್ನೂ ಒಳ್ಳೆಯದು, ಒಟ್ಟು 2,370 ಆಗುತ್ತದೆ, ನೂರು ಕಿಲೋಮೀಟರ್ ಮಾತ್ರ ಸುತ್ತು. ಆದರೆ ನಮಗೆ ಬೇಕಾದ ದಿನ ಆ ವಿಮಾನ ಇರಲಿಲ್ಲ.

ಮೂರು ವಿಮಾನದಲ್ಲಿ ಕೂತಿರುವ ಸಮಯ ಕೂಡಿಸಿದರೂ ಐದು ಗಂಟೆ ಚಿಲ್ಲರೆ. ಸೋಗಾನೆ–ಬೆಂಗಳೂರು ಒಂದು ಗಂಟೆ ಹಿಡಿಯುತ್ತದೆ. ಈ 240 ಕಿಲೋಮೀಟರ್ ಹಾರುವುದು ಎಟಿಆರ್ ಅನ್ನುವ ಫ್ಯಾನಿನ ವಿಮಾನ. ಗಂಟೆಗೆ 500 ಕಿಲೋಮೀಟರ್ ಹೋಗುವ ತಾಕತ್ತು ಅದಕ್ಕಿದೆ, ಆ ಲೆಕ್ಕದಲ್ಲಿ ಅರ್ಧ ಗಂಟೆ ಸಾಕು. ಆದರೆ ಏರುವುದು, ಇಳಿಯುವುದು, ಬೆಂಗಳೂರಿನಲ್ಲಿ ಸರದಿ ಕಾಯುವುದು, ರನ್‌ವೇಯಿಂದ ಗೇಟಿನವರೆಗೆ ಉರುಳುವುದು, ಇದೆಲ್ಲ ಸೇರಿ ಇನ್ನರ್ಧ ಗಂಟೆ ನುಂಗುತ್ತದೆ. ದೂರ ಕಡಿಮೆಯಾದಷ್ಟೂ ಈ ಚಿಲ್ಲರೆ ಖರ್ಚೇ ಜಾಸ್ತಿ ಕಾಣುತ್ತದೆ.

ಐದು ಗಂಟೆ ಅಂದಾಗ ದೊಡ್ಡಪ್ಪನ ಮುಖ ಮತ್ತೆ ಅರಳಿತು. "ಹಂಗಾದ್ರೆ ರಾತ್ರಿ ಊಟಕ್ಕೆ ಅಲ್ಲಿ."

ಆಗ ಲೇಹ್‌ನ ಬೆಳಗ್ಗೆಯ ವಿಚಾರ ಹೇಳಬೇಕಾಯಿತು. ಲೇಹ್‌ಗೆ ಹೋಗುವ ವಿಮಾನಗಳೆಲ್ಲ ಹೆಚ್ಚುಕಡಿಮೆ ಬೆಳಗ್ಗೆಯೇ. ಆ ನಿಲ್ದಾಣ 3,256 ಮೀಟರ್ ಎತ್ತರದಲ್ಲಿದೆ. ನಮ್ಮ ಸೋಗಾನೆ ಇರುವುದು ಆರುನೂರು ಮೀಟರ್ ಹತ್ತಿರ. ಅಷ್ಟು ಮೇಲೆ ಗಾಳಿ ತೆಳು, ಸಮುದ್ರಮಟ್ಟದ ಗಾಳಿಯ ಮುಕ್ಕಾಲು ಭಾಗವೂ ಇಲ್ಲ. ಎಂಜಿನ್‌ಗೆ ಉಸಿರು ಸಾಲುವುದಿಲ್ಲ, ರೆಕ್ಕೆಗೆ ಆಧಾರ ಸಾಲುವುದಿಲ್ಲ. ಮೇಲೇಳಬೇಕಾದರೆ ಹೆಚ್ಚು ವೇಗ ಬೇಕು, ಹೆಚ್ಚು ರನ್‌ವೇ ಬೇಕು, ಇಲ್ಲದಿದ್ದರೆ ಹೊರೆ ಇಳಿಸಬೇಕು. ಬಿಸಿಲೇರಿದರೆ ಗಾಳಿ ಇನ್ನೂ ತೆಳುವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಗಾಳಿ ಬೀಸುವುದಕ್ಕೆ ಶುರು. ಸುತ್ತ ಗುಡ್ಡ ಇರುವುದರಿಂದ ಒಂದು ಕಡೆಯಿಂದಲೇ ಇಳಿಯಬೇಕು, ಅದೇ ಕಡೆಗೇ ಏರಬೇಕು. ಅದಕ್ಕೇ ಲೇಹ್ ಬೆಳಗ್ಗೆ ಬಾಗಿಲು ತೆಗೆದು ಮಧ್ಯಾಹ್ನಕ್ಕೆ ಹಾಕುತ್ತದೆ. 2024ರ ಜುಲೈ ಕೊನೆಯಲ್ಲಿ ಅಲ್ಲಿ ಸೆಕೆ ಜಾಸ್ತಿಯಾಗಿ ವಿಮಾನಗಳೇ ರದ್ದಾದವು. ಲಡಾಖಿನಲ್ಲಿ ಸೆಕೆಗೆ ವಿಮಾನ ನಿಲ್ಲುತ್ತದೆ ಅಂತ ಅಂಗಡಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅಡಿಕೆ ತುಂಬಿದ ಲಾರಿ ಆಗುಂಬೆ ಘಾಟಿ ಹತ್ತುವಾಗ ಏದುಸಿರು ಬಿಡುತ್ತದಲ್ಲ, ಹಾಗೆ ಅಂತ ಹೇಳಿದ ಮೇಲೆ ದೊಡ್ಡಪ್ಪ ಒಪ್ಪಿದರು.

ಇನ್ನೊಂದು ವಿಚಿತ್ರ ಇದೆ. ಸೋಗಾನೆಯ ರನ್‌ವೇ 3,200 ಮೀಟರ್ ಉದ್ದ. ಲೇಹ್‌ನದ್ದು ಸುಮಾರು 2,750. ಗಾಳಿ ಇಲ್ಲದ ಊರಿಗೆ ಗಿಡ್ಡ ರನ್‌ವೇ, ಗಾಳಿ ಧಾರಾಳವಾಗಿರುವ ನಮಗೆ ಉದ್ದದ್ದು. ಆ ಎಟಿಆರ್‌ಗೆ 1,300 ಮೀಟರ್ ಸಿಕ್ಕಿದರೆ ಸಾಕು, ಉಳಿದದ್ದು ದೊಡ್ಡ ವಿಮಾನ ಬರಲಿ ಅಂತ ಕಾಯುತ್ತಾ ಮಲಗಿದೆ. ನಮಗೆ ತೊಂದರೆ ಕೊಡುವುದು ಮೋಡ. ಮಳೆಗಾಲದಲ್ಲಿ ಮೋಡ ತೀರಾ ಕೆಳಗೆ ಬಂದರೆ ರನ್‌ವೇ ಎಷ್ಟು ಉದ್ದ ಇದ್ದರೇನು, ಮೇಲಿನಿಂದ ಕಾಣಬೇಕಲ್ವಾ?

ಲೇಹ್‌ನ ಆ ರನ್‌ವೇಗೂ ನಮ್ಮ ರಾಜ್ಯಕ್ಕೂ ಒಂದು ನಂಟಿದೆ. 1948ರ ಮೇ 24ಕ್ಕೆ ಅಲ್ಲಿ ಮೊದಲ ವಿಮಾನ ಇಳಿಯಿತು. ಸೋನಂ ನೋರ್ಬು ಎಂಬ ಲಡಾಖಿನ ಎಂಜಿನಿಯರ್ ಊರವರನ್ನು ಸೇರಿಸಿಕೊಂಡು ಮಣ್ಣಿನ ಪಟ್ಟಿ ಮಾಡಿಸಿದ್ದರು. ವಾಯುಸೇನೆಯ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ತಂದು ಅದರ ಮೇಲೆ ಇಳಿಸಿದರು. ಒಳಗೆ ಗಾಳಿ ತುಂಬುವ ವ್ಯವಸ್ಥೆಯೇ ಇಲ್ಲದ ವಿಮಾನ. ಜೊತೆಗೆ ಕೂತು ಹೋದವರು ಕೊಡಗಿನ ತಿಮ್ಮಯ್ಯ, ಮುಂದೆ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರೇ. ದೊಡ್ಡಪ್ಪನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಮನೆಗೆ ಹೋಗಿ ದೊಡ್ಡಮ್ಮನಿಗೆ ಹೇಳಿದ್ದೂ ಇದನ್ನೇ. ಟಿಕೆಟ್ ವಿಚಾರ ಹೇಳಲಿಲ್ಲವಂತೆ.

ಇಷ್ಟೆಲ್ಲ ಆದ ಮೇಲೆ ಟಿಕೆಟ್ ನೋಡಲು ಕೂತೆವು. ದೂರದ ಇಂಥ ಊರುಗಳಿಗೆ ನಾನು ಲೆಕ್ಕವನ್ನು ತುದಿಯಿಂದ ಹಿಂದಕ್ಕೆ ಹಾಕುತ್ತೇನೆ. ಲೇಹ್ ತಲುಪುವುದು ಬೆಳಗ್ಗೆ. ಹಾಗಾದರೆ ದೆಹಲಿಯಿಂದ ಹೊರಡುವುದು ನಸುಕಿನಲ್ಲಿ. ಹಾಗಾದರೆ ಹಿಂದಿನ ರಾತ್ರಿ ದೆಹಲಿಯಲ್ಲೇ ಇರಬೇಕು. ಸೋಗಾನೆಯ ವಿಮಾನ ಹಗಲು ಎಷ್ಟು ಹೊತ್ತಿಗೆ ಹೊರಟರೂ ಒಂದೇ. ಇಲ್ಲಿ ಅರ್ಧ ಗಂಟೆ ಉಳಿಸಿದರೆ ಅದು ದೆಹಲಿಯಲ್ಲಿ ಕಾಯುವ ಸಮಯಕ್ಕೆ ಸೇರುತ್ತದೆ. ಜನ ಬೇಗ ತಲುಪುವ ವಿಮಾನಕ್ಕೆ ಅಂತ ಎರಡು ಸಾವಿರ ಜಾಸ್ತಿ ಕೊಡಲು ತಯಾರಿರುತ್ತಾರೆ. ತಲುಪುವುದು ಅದೇ ಹೊತ್ತಿಗೆ. ಆ ದುಡ್ಡಿಗೆ ದೆಹಲಿಯಲ್ಲಿ ಒಂದು ರೂಮು ಮಾಡಿ ಮಲಗಿ ಅನ್ನುತ್ತೇನೆ ನಾನು. ವಿಮಾನ ನಿಲ್ದಾಣದ ಪಕ್ಕದ ಮಹಿಪಾಲ್‌ಪುರದಲ್ಲಿ ಹೋಟೆಲುಗಳಿಗೆ ಬರವಿಲ್ಲ.

ಎರಡನೆಯದು ಪಿಎನ್‌ಆರ್. ಮೂರೂ ವಿಮಾನ ಒಂದೇ ಟಿಕೆಟಿನಲ್ಲಿದ್ದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ ಮುಂದಿನದಕ್ಕೆ ಕೂರಿಸುವುದು ಕಂಪನಿಯ ಹೊಣೆ. ಬೇರೆ ಬೇರೆ ತೆಗೆದರೆ ನಿಮ್ಮ ಹಣೆಬರಹ. ಮೇಳಿಗೆ ಕಡೆಯ ಹುಡುಗನೊಬ್ಬ ಮೊಬೈಲಿನಲ್ಲೇ ಎರಡು ಕಂಪನಿಯ ಟಿಕೆಟ್ ಬೇರೆ ಬೇರೆ ತೆಗೆದಿದ್ದ, ಬೆಂಗಳೂರಿನಲ್ಲಿ ಮಧ್ಯೆ ಒಂದೂವರೆ ಗಂಟೆ. ಆಷಾಢದ ಮಳೆ. ಸೋಗಾನೆಗೆ ಬಂದ ವಿಮಾನ ಮೋಡದ ಮೇಲೆ ಸುತ್ತು ಹಾಕಿ, ಕೆಳಗೆ ಏನೂ ಕಾಣದೆ ಬೆಂಗಳೂರಿಗೆ ವಾಪಸ್ ಹೋಯಿತು. ಸದ್ದು ಮಾತ್ರ ಕೇಳಿಸಿತಂತೆ. ಮೊದಲ ಕಂಪನಿ ತನ್ನ ದುಡ್ಡು ವಾಪಸ್ ಕೊಟ್ಟಿತು. ಎರಡನೆಯವರು ನೀವು ಬರಲಿಲ್ಲ, ನಾವು ಹೋದೆವು ಅಂದರು. ದೆಹಲಿ ಟಿಕೆಟಿನ ದುಡ್ಡು ಹೋಯಿತು. ದೊಡ್ಡಪ್ಪನಿಗೆ ಒಂದೇ ಪಿಎನ್‌ಆರ್‌ನಲ್ಲಿ ತೆಗೆದುಕೊಟ್ಟೆ. ರೇಟು ಸ್ವಲ್ಪ ಜಾಸ್ತಿ ಬಿತ್ತು. ಗೊಣಗಿದರು, ಕೊಟ್ಟರು.

ಮೂರನೆಯದು ಸಾಮಾನು, ಅದು ದೊಡ್ಡಮ್ಮನ ಇಲಾಖೆ. ತಲೆಗೆ 15 ಕಿಲೋ ಒಳಗೆ ಹಾಕಬಹುದು, ಕೈಯಲ್ಲಿ 7 ಕಿಲೋ. ಹಲಸಿನ ಹಪ್ಪಳ, ಚಟ್ನಿಪುಡಿ, ಕೋಕಂ ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡವೇ ಬೇಡ, ಸೆಕ್ಯೂರಿಟಿಯಲ್ಲಿ ತೆಗೆದಿಡುತ್ತಾರೆ ಅಂದೆ. ಬಾಟಲಿ ಬಾಯಿತನಕ ತುಂಬಬೇಡಿ ಅಂತಲೂ ಹೇಳಿದೆ. ಲೇಹ್‌ನಲ್ಲಿ ಗಾಳಿಯ ಒತ್ತಡ ನಮ್ಮೂರಿಗಿಂತ ಎಷ್ಟೋ ಕಡಿಮೆ. ಇಲ್ಲಿ ಮುಚ್ಚಿದ್ದು ಅಲ್ಲಿ ಉಬ್ಬುತ್ತದೆ. ಚಿಪ್ಸ್ ಪ್ಯಾಕೆಟ್ಟು ದಿಂಬಿನಂತಾಗಿರುವ ಫೋಟೋ ತಮ್ಮ ಕಳಿಸಿದ್ದ. ದೊಡ್ಡಮ್ಮ ಬಾಟಲಿ ತುಂಬಲಿಲ್ಲ, ಆದರೆ ಒಂದರ ಬದಲು ಮೂರು ಬಾಟಲಿ ಇಟ್ಟರು.

ಅವರು ಹೊರಟ ದಿನ ಬೆಳಗ್ಗೆ ಏಳಕ್ಕೆಲ್ಲ ತೀರ್ಥಹಳ್ಳಿ ಬಿಟ್ಟೆವು. ನಾನೇ ಕಾರಿನಲ್ಲಿ ಬಿಟ್ಟು ಬಂದೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು, ತುಂಗೆಯ ಪಕ್ಕದಲ್ಲೇ ದಾರಿ. ಗಾಜನೂರು ದಾಟುವಾಗ ಸಣ್ಣ ಮಳೆ, ನನಗೆ ಸ್ವಲ್ಪ ದಿಗಿಲು. ಸೋಗಾನೆಯಲ್ಲಿ ಬಿಸಿಲಿತ್ತು. ಮಲೆನಾಡಿನಲ್ಲಿ ಹೀಗೆಯೇ, ಅರ್ಧ ಗಂಟೆ ಪೂರ್ವಕ್ಕೆ ಹೋದರೆ ಬೇರೆ ಆಕಾಶ. ಎಟಿಆರ್‌ಗೆ ಹತ್ತುವುದು ಹಿಂದಿನ ಬಾಗಿಲಿನಿಂದ. ರೆಕ್ಕೆ ಮೇಲಿರುತ್ತದೆ, ಹಾಗಾಗಿ ಕಿಟಕಿಯಿಂದ ಕೆಳಗೆ ಚೆನ್ನಾಗಿ ಕಾಣುತ್ತದೆ. ಕಿಟಕಿ ಸೀಟೇ ಕೊಡಿಸಿದ್ದೆ. "ಕಿಟಕಿ ಎಂತಕ್ಕೆ, ಆ ಫ್ಯಾನ್ ನಿಂತ್ರೆ ನಂಗೆ ಮೊದಲು ಗೊತ್ತಾಗ್ಲಿ ಅಂತನಾ?" ಅಂದರು ದೊಡ್ಡಮ್ಮ.

ಮುಂದಿನದೆಲ್ಲ ಫೋನಿನಲ್ಲಿ ಕೇಳಿದ್ದು. ಬೆಂಗಳೂರಿನಲ್ಲಿ ಮೂರು ಗಂಟೆ ಕಾದರು, ಅಲ್ಲಿಯ ಮಸಾಲೆ ದೋಸೆಯ ರೇಟು ನೋಡಿ ದೊಡ್ಡಪ್ಪ ಮನೆಯಿಂದ ತಂದ ಕಡುಬು ಬಿಚ್ಚಿದರು. ಸಂಜೆ ದೆಹಲಿ. ಬೆಳಗಿನ ಜಾವ ಮೂರಕ್ಕೆ ಮತ್ತೆ ನಿಲ್ದಾಣ. ಏಳೂವರೆಗೆ ಲೇಹ್. ಮನೆ ಬಿಟ್ಟು ಒಂದು ಹಗಲು, ಒಂದು ರಾತ್ರಿ. ಅದರಲ್ಲಿ ಗಾಳಿಯಲ್ಲಿದ್ದದ್ದು ಐದು ಗಂಟೆ.

ಇಳಿದ ಮೇಲೂ ಪ್ರಯಾಣ ಮುಗಿಯುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ವಿಮಾನ ಹಾರುವಾಗ ಒಳಗಿನ ಗಾಳಿಯನ್ನು ಸುಮಾರು 2,400 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಲೇಹ್ ಅದಕ್ಕಿಂತ ಎತ್ತರ. ಬೇರೆ ಊರಿನಲ್ಲಿ ವಿಮಾನದ ಬಾಗಿಲು ತೆಗೆದರೆ ಒಳ್ಳೆ ಗಾಳಿ ಸಿಗುತ್ತದೆ. ಲೇಹ್‌ನಲ್ಲಿ ಇಳಿದರೆ ಹಾರುವಾಗ ಉಸಿರಾಡಿದ್ದಕ್ಕಿಂತ ತೆಳು ಗಾಳಿ. ಲಾರಿಯಲ್ಲೋ ಬಸ್ಸಲ್ಲೋ ಬಂದವರ ಮೈಗೆ ಹತ್ತುತ್ತಾ ಹತ್ತುತ್ತಾ ಸ್ವಲ್ಪ ರೂಢಿಯಾಗಿರುತ್ತದೆ. ವಿಮಾನದವರಿಗೆ ಒಂದೂವರೆ ಗಂಟೆಯಲ್ಲಿ ಎಲ್ಲ ಒಟ್ಟಿಗೆ. ಅದಕ್ಕೇ ಒಂದೆರಡು ದಿನ ಸುಮ್ನೆ ಮಲಗಿರಬೇಕು, ನೀರು ಕುಡಿಯುತ್ತಿರಬೇಕು, ಮೆಟ್ಟಿಲು ಹತ್ತುವುದು ಬೇಡ. ದೊಡ್ಡಪ್ಪನಿಗೆ ಬಿಪಿ ಇರುವುದರಿಂದ ಶಿವಮೊಗ್ಗದ ಡಾಕ್ಟರಿಗೆ ತೋರಿಸಿಯೇ ಕಳಿಸಿದ್ದೆವು. ಆದರೂ ಮಗನ ಕ್ವಾರ್ಟರ್ಸ್ ಹಿಂದೆ ಯಾರೋ ತರಕಾರಿ ಹಾಕಿದ್ದಾರೆ ಅಂತ ನೋಡಲು ಹೊರಟವರನ್ನು ದೊಡ್ಡಮ್ಮ ಗದರಿಸಿ ಮಲಗಿಸಿದರಂತೆ. ಈ ಎರಡು ದಿನವನ್ನೂ ಪ್ರಯಾಣದ ಸಮಯಕ್ಕೇ ಸೇರಿಸಬೇಕು ಅಂತ ನನ್ನ ಅಭಿಪ್ರಾಯ. ಟಿಕೆಟ್ ತೆಗೆಯುವವರಿಗೆ ನಾನೀಗ ಹಾಗೇ ಹೇಳುವುದು. ನಾಲ್ಕು ದಿನದ ರಜೆ ಇಟ್ಟುಕೊಂಡು ಇಲ್ಲಿಂದ ಲೇಹ್ ನೋಡಲು ಹೋಗಬೇಡಿ.

ವಾಪಸ್ ಬರುವಾಗ ಲೆಕ್ಕ ಉಲ್ಟಾ. ದೂರ ಅದೇ 2,570. ಆದರೆ ಈ ಸಲ ಬೆಳಗ್ಗೆಯ ವಿಮಾನ ಮೊದಲಿಗೇ ಬರುತ್ತದೆ, ದೆಹಲಿಯಲ್ಲಿ ರಾತ್ರಿ ಕಾಯುವುದಿಲ್ಲ. ಲೇಹ್‌ನಲ್ಲಿ ಟೀ ಕುಡಿದು ಹೊರಟವರು ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನಲ್ಲಿದ್ದರು. ಸೋಗಾನೆಯ ವಿಮಾನ ಅಷ್ಟರಲ್ಲಿ ಹೋಗಿಯಾಗಿತ್ತು. ಮರುದಿನದವರೆಗೆ ಉಳಿಯಿರಿ ಅಂದರೆ ದೊಡ್ಡಪ್ಪ ಕೇಳಬೇಕಲ್ಲ, ತೋಟ ಬಿಟ್ಟು ಎಷ್ಟು ದಿನವಾಯಿತು ಅಂತ ರೇಗಿದರು. ರಾತ್ರಿ ಬಸ್ಸಿಗೆ ಸೀಟು ಮಾಡಿಸಿದೆ. ಬೆಳಗ್ಗೆ ಐದೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಮೊದಲು ಹೇಳಿದ್ದು ಇದನ್ನೇ.

"ಲೇಹ್‌ನಿಂದ ಬೆಂಗಳೂರಿಗೆ ಅರ್ಧ ದಿನ. ಬೆಂಗಳೂರಿಂದ ಇಲ್ಲಿಗೆ ಇನ್ನರ್ಧ ದಿನ. ಎಂತ ಲೆಕ್ಕನಾ ಇದು?"

ದೊಡ್ಡಮ್ಮ ಈಗ ಮುಂದಿನ ವರ್ಷ ಮತ್ತೆ ಹೋಗಬೇಕು ಅನ್ನುತ್ತಿದ್ದಾರೆ. ಈ ಸಲ ಹೈದರಾಬಾದ್ ಮೇಲೆ ನೋಡು, ನೂರೇ ಕಿಲೋಮೀಟರ್ ಸುತ್ತು ಅಂದಿದ್ದೆಯಲ್ಲ ಅಂತ ದೊಡ್ಡಪ್ಪ ಮೊನ್ನೆ ಅಂಗಡಿಗೆ ಬಂದು ಹೇಳಿ ಹೋದರು. ಆ ವಿಮಾನ ವಾರದಲ್ಲಿ ಯಾವ ಯಾವ ದಿನ ಇದೆ ಅಂತ ನೋಡಿಡಬೇಕು.